ಟಿಕೆಟ್ ಕಿಟಕಿಯಲ್ಲಿ ಪುಟ್ಟಿ

ಮದುವೆಯಾಗಿ ಮೂರು ತಿಂಗಳಾಗಿತ್ತು. ಗಂಡನಿಗೆ ಕೆಲಸವಿದ್ದ ಒಂದು ಭಾನುವಾರ ಆಕೆ ಅವನ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರಿನ ವಸ್ತುಸಂಗ್ರಹಾಲಯಕ್ಕೆ ಹೊರಟಳು. ದೊಡ್ಡ ಹೆಸರಷ್ಟೆ, ರೈಲು ನಿಂತುಹೋದ ಹಳೆಯ ನಿಲ್ದಾಣದ ನಾಲ್ಕು ಕೋಣೆಗಳು. ದೊಡ್ಡವನು ದಾರಿಯುದ್ದಕ್ಕೂ ಅರಳು ಹುರಿದಂತೆ ಮಾತಾಡಿದ. ಆರು ವರ್ಷದ ಪುಟ್ಟಿ ಮಾತ್ರ ಈ ಚಿಕ್ಕಮ್ಮನ ಮುಂದೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಹೆತ್ತಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು.

ಆಕೆ ದೊಡ್ಡವನೊಂದಿಗೆ ರೈಲು ಗಾರ್ಡ್‌ನ ಹಳೆಯ ಲಾಟೀನು ನೋಡುತ್ತಿದ್ದಾಗ ಪಕ್ಕದ ಕೋಣೆಯಿಂದ "ಅಣ್ಣಾ!" ಎಂಬ ಚೀರಾಟ ಕೇಳಿಸಿತು. ಓಡಿಹೋಗಿ ನೋಡಿದರೆ, ಪುಟ್ಟಿ ತೂಕದ ಯಂತ್ರದ ಮೇಲೆ ಹತ್ತಿ ನಿಂತು, ಟಿಕೆಟ್ ಕೊಡುವ ಕಿಂಡಿಯೊಳಗೆ ತಲೆ ಹಾಕಿದ್ದಾಳೆ. ಹೋದ ತಲೆ ಹಿಂದಕ್ಕೆ ಬರುತ್ತಿಲ್ಲ.

"ಎಲ್ರೂ ಮೂಗು ತೂರಿಸ್ತಾರೆ, ನೀನು ತಲೆನೇ ತೂರಿಸಿಬಿಟ್ಯಲ್ಲೇ!" ಎಂದು ಅಣ್ಣ ಬಿದ್ದುಬಿದ್ದು ನಕ್ಕ.

"ಎಳೀಬೇಡಿ ತಾಯಿ, ಕಿವಿ ತರಚುತ್ತೆ. ಎಣ್ಣೆ ತರ್ತೀನಿ," ಎಂದು ಮುದಿ ಕಾವಲುಗಾರ ಓಡಿದ.

ತಂಗಿಯ ಸೊಂಟ ಹಿಡಿದುಕೊಳ್ಳಲು ಅಣ್ಣನಿಗೆ ಹೇಳಿ, ಆಕೆ ಬಳಸಿಕೊಂಡು ಟಿಕೆಟ್ ಕೋಣೆಯೊಳಗೆ ಹೋಗಿ ಗುಮಾಸ್ತರ ಸ್ಟೂಲಿನ ಮೇಲೆ ಕುಳಿತಳು. ಮೂಗು ಸುರಿಸುತ್ತಿದ್ದ ಕೆಂಪು ಮುಖ ಅಂಗೈಯಗಲದ ದೂರದಲ್ಲಿತ್ತು. ಸೆರಗಿನಿಂದ ಒರೆಸುತ್ತಾ ಗಡಸು ದನಿ ತೆಗೆದು, "ಎಲ್ಲಿಗಮ್ಮಾ ಟಿಕೆಟ್ಟು? ಬೇಗ ಹೇಳಿ, ಹಿಂದೆ ಜನ ಕಾಯ್ತಿದಾರೆ," ಎಂದಳು.

ಪುಟ್ಟಿ ಬಿಕ್ಕುವುದನ್ನು ನಿಲ್ಲಿಸಿ ಆಕೆಯನ್ನೇ ನೋಡಿದಳು. "ಅಮ್ಮನ ಹತ್ರ."

ಆಚೆ ಅಣ್ಣನ ನಗು ನಿಂತಿತು. ಏನಾದರೊಂದು ಹೇಳಿ ತೇಲಿಸಿಬಿಡಬಹುದಿತ್ತು, ಆಕೆಗೆ ಮನಸ್ಸು ಬರಲಿಲ್ಲ.

"ಆ ಕಡೆಗೆ ಗಾಡಿ ಇಲ್ಲ ಕಂದಾ. ಇದ್ದಿದ್ರೆ ಮೊದಲನೇ ಟಿಕೆಟ್ ನಿಂಗೇ ಕೊಡ್ತಿದ್ದೆ."

ಪುಟ್ಟಿ ಮೂಗೆಳೆದುಕೊಂಡು, "ನಿಮಗೆ ಅಮ್ಮ ಗೊತ್ತಾ?" ಎಂದಳು.

"ಫೋಟೋದಲ್ಲಿ ನೋಡಿದೀನಿ, ಅಷ್ಟೇ. ಹೇಗಿದ್ರು?"

"ನಗುವಾಗ ಕಣ್ಣು ಮುಚ್ಕೊಳ್ತಿದ್ಲು. ಹಾಡೆಲ್ಲಾ ತಪ್ಪುತಪ್ಪಾಗಿ ಹಾಡ್ತಿದ್ಲು."

"ತಪ್ಪಲ್ಲ! ನಮ್ಮನ್ನ ನಗಿಸೋಕೆ ಬೇಕಂತಲೇ ಬದಲಾಯಿಸ್ತಿದ್ಲು," ಎಂದು ಆಚೆಯಿಂದ ಅಣ್ಣ ಕೂಗಿದ.

"ನಿಂಗೇನ್ ಗೊತ್ತು?"

"ನಿನಗಿಂತ ಮುಂಚೆ ಹುಟ್ಟಿದೋನು ನಾನು!"

ಇಬ್ಬರ ಜಗಳದ ನಡುವೆ ಕಾವಲುಗಾರ ಕಿವಿಗಳಿಗೆ ಎಣ್ಣೆ ಸವರಿ, ಗದ್ದ ಓರೆ ಮಾಡಿ, ತಲೆಯನ್ನು ಮೆಲ್ಲಗೆ ಬಿಡಿಸಿದ. ಬಿಡುಗಡೆಯಾದದ್ದು ಪುಟ್ಟಿಯ ಗಮನಕ್ಕೇ ಬಂದಂತಿರಲಿಲ್ಲ. ಹೇಳುವುದು ಇನ್ನೂ ಬಹಳವಿತ್ತು. ಮೂವರೂ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತರು. ಎಣ್ಣೆ ಜಿಡ್ಡಿನ ತಲೆ ಆಕೆಯ ಹೊಸ ಸೀರೆಗೆ ಒರಗಿತ್ತು.

"ಇನ್ನೂ ಎರಡು ಕೋಣೆ ಬಾಕಿ ಇದೆ ತಾಯಿ," ಎಂದ ಕಾವಲುಗಾರ.

"ಇನ್ನೊಂದಿನ ಬರ್ತೀವಿ ಯಜಮಾನ್ರೇ," ಎಂದು ಆಕೆ ಪುಟ್ಟಿಯ ಕಡೆ ಬಗ್ಗಿದಳು. "ಹೂಂ, ಆಮೇಲೆ?"