ಘಟಸರ್ಪದ ನಾಲಿಗೆ

“ಇದೇನು, ನಾಲಿಗೆ ಮೇಲೆ ಏನೋ ಕೊರೆದಿದೆ?” ಹಳೆ ಸಾಮಾನುಗಳ ವ್ಯಾಪಾರಿ ಹಿತ್ತಾಳೆ ಹೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದ.

ಹೂಜಿ ಪರ್ಷಿಯಾ ದೇಶದ ಕೆಲಸದ್ದು, ಬಹಳ ಹಳೆಯದು. ದುರಸ್ತಿಗೆ ಬರುವಾಗ ಅದಕ್ಕೆ ಹಿಡಿಯೇ ಇರಲಿಲ್ಲ; ಹೊಟ್ಟೆಯ ಮೇಲೆ ಹಳೆ ಹಿಡಿಯ ಬಾಲದ ಚೂರೊಂದು ಅಂಟಿಕೊಂಡಿತ್ತು, ಅಷ್ಟೆ. ಆ ಚೂರನ್ನೇ ನೋಡಿ ನೋಡಿ, ಅಂಗಡಿಯ ಅಣ್ಣ-ತಂಗಿಯರಲ್ಲಿ ತಂಗಿ ಎರಡು ತಿಂಗಳು ಕೂತು ಹೊಸ ಹಿಡಿ ಮಾಡಿದ್ದಳು: ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಹೂಜಿಯ ಅಂಚನ್ನು ಕಚ್ಚಿಹಿಡಿದ ಘಟಸರ್ಪ. ಮೈಮೇಲಿನ ಒಂದೊಂದು ಹುರುಪೆಯನ್ನೂ ಚಾಣದಿಂದ ಎಬ್ಬಿಸಿದ್ದಳು.

“ಈ ವರ್ಷದ ಇಸವಿ ಸ್ವಾಮಿ,” ಎಂದಳು ತಂಗಿ. “ ಪಕ್ಕದಲ್ಲಿರೋದು ನನ್ನ ಗುರುತು.”

“ಅಯ್ಯೋ ತಾಯಿ, ನಾನೂರು ವರ್ಷದ್ದು ಅಂತ ಮಾರೋನು ನಾನು!”

“ಹೂಜಿಗೆ ನಾನೂರು ಆಗಿರಬಹುದು. ನನ್ನ ಘಟಸರ್ಪಕ್ಕೆ ಮೊನ್ನೆ ತಾನೇ ಹಲ್ಲು ಬಂದಿವೆ.”

ಅಂಗಡಿ ನಡೆಸುವ ಅಣ್ಣ ನಗಲಿಲ್ಲ. ಅರವೊಂದನ್ನು ತಂದು ಅವಳ ಮುಂದಿಟ್ಟ. “ಎರಡು ಸಲ ಉಜ್ಜಿದ್ರೆ ಹೋಗುತ್ತೆ. ಅಪ್ಪ ಆಗಿದ್ರೆ ಇಷ್ಟೊತ್ತಿಗೆ ಉಜ್ಜಿ ಕೊಟ್ಟಿರೋರು.”

“ಅಪ್ಪ ಜೀವಮಾನವೆಲ್ಲ ಉಜ್ಜಿದ್ರಣ್ಣ. ಅವರು ಮಾಡಿದ್ದು ಇಂಥದ್ದೇ ಅಂತ ಒಂದೇ ಒಂದು ತೋರಿಸು ನೋಡೋಣ.”

ಯಾವುದೋ ಗಾಜಿನ ಪೆಟ್ಟಿಗೆಯಲ್ಲಿ ಯಾವುದೋ ಶತಮಾನದ ಚೀಟಿ ಹೊತ್ತು ಕೂತಿರುವ ಅಪ್ಪನ ಕೆಲಸವನ್ನು ಅಣ್ಣನಾದರೂ ಎಲ್ಲಿಂದ ಹುಡುಕಿ ತರಬೇಕು?

“ನೋಡಮ್ಮ, ಕೊನೇ ಮಾತು,” ಎಂದ ವ್ಯಾಪಾರಿ. “ಗುರುತು ಅಳಿಸು. ಇಲ್ಲಾ ಹಿಡಿ ಕಿತ್ತು ನನ್ನ ಹೂಜಿ ನನಗೆ ಕೊಡು. ಆಮೇಲೆ ನಿಮ್ಮ ಮೆಟ್ಟಿಲು ಹತ್ತೋನಲ್ಲ ನಾನು.”

ಅಂಗಡಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಅವನದೇ. ಅದು ಮೂವರಿಗೂ ಗೊತ್ತಿತ್ತು.

ತಂಗಿ ಎದ್ದು ಬೆಸುಗೆಯ ದೀಪ ಹಚ್ಚಿದಳು.

“ಏಯ್, ತಲೆ ಕೆಟ್ಟಿದ್ಯೇನೇ?” ಅಣ್ಣ ಕೂಗಿದ.

ಅವಳು ಉರಿಯನ್ನು ಘಟಸರ್ಪದ ಬಾಯಿಗೆ ಹಿಡಿದಳು. ಉರಿ ತಾಗಿದ ಕಡೆ ಬೆಸೆದ ತವರ ಬೆವರಿತು, ಹರಿಯಿತು. ಹಲ್ಲುಗಳು ಅಂಚನ್ನು ಬಿಟ್ಟವು, ಆಮೇಲೆ ಬಾಲ. ಹೂಜಿ ಆರುವ ತನಕ ಕಾದು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಎರಡೂ ಕೈಯಿಂದ ಕೊಟ್ಟಳು.

“ತಗೊಳ್ಳಿ. ನಿಮ್ಮದು ನಿಮಗೆ.”

ಅವನು ದಡದಡ ಮೆಟ್ಟಿಲಿಳಿದು ಹೋದ. ಮಧ್ಯಾಹ್ನ ಇಳಿಯುತ್ತ ಬಂದಾಗ ಅಣ್ಣ ಅಟ್ಟದಿಂದ ದಪ್ಪ ಹಿತ್ತಾಳೆ ತಗಡೊಂದನ್ನು ಇಳಿಸಿ, ಧೂಳು ಕೊಡವಿ, ಅವಳ ಮಣೆಯ ಪಕ್ಕ ಹಾಸಿದ. ಮುಖ ಮಾತ್ರ ಕಿಟಕಿಯ ಕಡೆಗೇ ಇತ್ತು.

“ಹೊಸ ಹೂಜಿ ಎತ್ತರ ಎಷ್ಟು ಬರಬೇಕು?”

ಅವಳು ಅಳತೆಯ ದಾರದ ಒಂದು ತುದಿಯನ್ನು ಘಟಸರ್ಪದ ಹಲ್ಲುಗಳ ನಡುವೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಅಣ್ಣನ ಕಡೆ ಚಾಚಿದಳು. ಅವನು ಬಗ್ಗಿ, ಬಾಲದ ತುದಿಯವರೆಗೂ ಬಿಗಿಯಾಗಿ ಎಳೆದು ಹಿಡಿದ.