ಪಾಮನಕಲ್ಲೂರಿನ ಫೈಲು

ಮಸ್ಕಿಯಲ್ಲಿ ಹೊಸ ಕೋರ್ಟು ಶುರುವಾದ ದಿನದಿಂದ ಗಾಳೆಪ್ಪನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ಲಿಂಗಸುಗೂರಿನಲ್ಲಿ ಇಪ್ಪತ್ತೆರಡು ವರ್ಷ ವಕೀಲರ ಗುಮಾಸ್ತನಾಗಿದ್ದವನು. ಹೊಲ ಯಾವ ತಾಲ್ಲೂಕಿನದೋ ದಾವೆ ಅಲ್ಲಿಯ ಕೋರ್ಟಿಗೆ ಎಂಬ ಒಂದೇ ಮಾತಿಗೆ ಮಸ್ಕಿ ತಾಲ್ಲೂಕಿಗೆ ಸೇರಿದ ಪಾಮನಕಲ್ಲೂರು ಸೀಮೆಯ ಫೈಲುಗಳೆಲ್ಲ ಗಂಟುಕಟ್ಟಿಕೊಂಡು ಮಸ್ಕಿಗೆ ಹೋದವು. ಹಾಳಾಗಲಿ, ಅವು ಕಾಗದ. ಹೊಟ್ಟೆ ಉರಿದದ್ದು ಸುನೀಲನನ್ನು ಕಂಡು. ಫೈಲಿಗೆ ದಾರ ಪೋಣಿಸುವುದನ್ನೂ ಗಾಳೆಪ್ಪನಿಂದ ಕಲಿತ ಸುನೀಲನಿಗೆ ವಕೀಲರು ಮಸ್ಕಿಯ ಕೆಲಸವನ್ನೆಲ್ಲ ವಹಿಸಿದ್ದರು. ಪಾಮನಕಲ್ಲೂರಿನ ಮುದುಕರೂ ಈಗ ಅವನಿಗೆ ಎದ್ದು ನಮಸ್ಕಾರ ಮಾಡುತ್ತಿದ್ದರಂತೆ.

ಉಳಿದವರು ಹೋದರೆ ಹೋಗಲಿ, ಜೋಗಮ್ಮ ಹೋಗಬಾರದು. ಮೈದುನ ನುಂಗಿದ ಪಾಮನಕಲ್ಲೂರಿನ ಹೊಲಕ್ಕಾಗಿ ಒಂಬತ್ತು ವರ್ಷದಿಂದ ಬಡಿದಾಡುತ್ತಿದ್ದ ವಿಧವೆ. ಗೊರೇಬಾಳದ ಮಗಳ ಮನೆಯಿಂದ ಬಂದಾಗಲೆಲ್ಲ ವಕೀಲರಿಗಿಂತ ಮೊದಲು ಗಾಳೆಪ್ಪನನ್ನೇ ಕೇಳುತ್ತಿದ್ದಳು.

ಆ ಸೋಮವಾರ ಸುನೀಲ ಫೋನ್ ಮಾಡಿದ.

"ಕಾಕಾ, ಜೋಗವ್ವನ ಫೋನ್ ಹತ್ತವಲ್ದು. ನಾಳೆ ಆಕಿ ಸಾಕ್ಷಿ ಐತ್ರಿ, ಮಸ್ಕಿಗೆ ಬರಾಕಬೇಕು. ತಪ್ಪಿದ್ರ ಕೇಸು ವಜಾ ಅಂತ ಜಡ್ಜ್ ಸಾಹೇಬ್ರು ಹೇಳಿಬಿಟ್ಟಾರ."

"ನನಗ ಕೆಲಸ ಕಲಿಸಾಕ ಬರಬ್ಯಾಡ," ಎಂದು ಗಾಳೆಪ್ಪ ಫೋನಿಟ್ಟ. ಗುರುವಿಗೇ ತಿರುಮಂತ್ರ!

ಸಂಜೆ ಮಗಳ ಫೋನಿನಿಂದ ಜೋಗಮ್ಮನೇ ಮಾತಾಡಿದಳು. "ಯಪ್ಪಾ, ನನ್ನ ಕೇಸು ಮಸ್ಕಿಗೆ ಹೋಗೈತಂತ ಮಂದಿ ಅಂತಾರ. ನಾಳೆ ಎಲ್ಲಿಗೆ ಬರ್ಲಿ?"

"ಮಂದಿ ಮಾತು ಕಟ್ಕೊಂಡು ಏನ್ ಮಾಡ್ತೀ ಬೇ? ಲಿಂಗಸೂರಿಗೇ ಬಾ. ನಾ ಅದೀನಲ್ಲ."

ಗಾಳೆಪ್ಪ ರಾಕ್ಷಸನೇನಲ್ಲ. ಬಸ್ಸಿಳಿದವಳನ್ನು ಮರುಬಸ್ಸಿಗೆ ಹತ್ತಿಸಿ ತಾನೇ ಮಸ್ಕಿಗೆ ಕರೆದೊಯ್ಯಬೇಕೆಂದಿದ್ದ. ಅವಳು ಯಾರ ಹಿಂದೆ ಕೋರ್ಟಿನ ಮೆಟ್ಟಿಲು ಹತ್ತುತ್ತಾಳೆಂಬುದನ್ನು ಸುನೀಲ ಕಣ್ಣಾರೆ ನೋಡಬೇಕಿತ್ತು. ಅಷ್ಟೇ ಅವನ ಆಸೆ.

ಮಂಗಳವಾರ ಗೊರೇಬಾಳ, ಮಸ್ಕಿಯ ಮೇಲೆ ಹಾದು ಹತ್ತಕ್ಕೆ ಬರಬೇಕಾದ ಸಿಂಧನೂರಿನ ಬಸ್ಸು ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಗಾಳೆಪ್ಪ ಬಸ್ ಸ್ಟ್ಯಾಂಡು ಬಿಟ್ಟು ಕದಲಲಿಲ್ಲ. ಆಗ ಸುನೀಲನ ಫೋನು.

"ಮೂರು ಸಲ ಹೆಸರು ಕೂಗಿದ್ರು, ಕಾಕಾ. ವಕೀಲರು ಕೈಮುಗದು ಕೇಳಿದ್ರು. ವಜಾ ಆತು." ಅಷ್ಟು ಹೇಳಿ ಇಟ್ಟ.

ಹನ್ನೆರಡೂವರೆಗೆ ಬಸ್ಸು ಬಂತು. ಜೋಗಮ್ಮ ನಗುತ್ತಲೇ ಇಳಿದಳು.

"ಮಸ್ಕಿ ದಾಟಿದ ಮ್ಯಾಲೆ ಬಸ್ಸು ಕೆಟ್ಟು ನಿಂತಿತಪ್ಪ. ಮಸ್ಕಿ ಸ್ಟ್ಯಾಂಡಿನಾಗ ಆ ಸುನೀಲ ಕಿಟಕಿಗೆ ಬಂದು, 'ಯವ್ವಾ, ಇಳಿ, ನಿನ್ನ ಕೇಸು ಇಲ್ಲೇ ಐತಿ' ಅಂತ ಕೈ ಹಿಡದು ಜಗ್ಗಾಡಿದ. ನಾ ಇಳೀತೀನೇನು? 'ಗಾಳೆಪ್ಪ ಹೇಳ್ಯಾನ, ಮುಗೀತು. ನೀ ಯಾರಲೇ' ಅಂತ ಕೈ ಕೊಡವಿದೆ. ಬಸ್ಸು ಬಿಡೂತನಕ ಅತ್ತಂಗ ಮಾಡಿದ ನೋಡು."

ಇಷ್ಟು ತಿಂಗಳು ಗಾಳೆಪ್ಪ ಕೇಳಬೇಕೆಂದು ಹಂಬಲಿಸಿದ ಮಾತು ಇದೇ.

"ನಡಿಯಪ್ಪ, ತಡಾ ಆತು," ಎಂದು ಜೋಗಮ್ಮ ಸೆರಗು ಬಿಗಿದುಕೊಂಡು ಲಿಂಗಸುಗೂರಿನ ಕೋರ್ಟಿನ ಕಡೆ ಮುಂದಾಗಿ ನಡೆದಳು.