ತಾತ್ಕಾಲಿಕ ಬೆಸುಗೆ

ಬೆಸುಗೆಯ ಕಡ್ಡಿ ತಗಡಿಗೆ ತಾಗಿದ ಕೂಡಲೇ ಬಿಳಿ ಬೆಂಕಿ, ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಹಸಿರಾಗಿ ಕುಣಿಯುತ್ತದೆ, ಬೆನ್ನ ಹಿಂದೆ ಅಧಿಕಾರಿಯ ಬೂಟು, ನೀಟಾಗಿ ಹೊಡಿಯಪ್ಪ, ಸಂದಿ ಇರಬಾರದು — ಏನು ನೀಟು, ನಮ್ಮ ಗಲ್ಲಿಯ ಬಾಯಿಗೆ ನನ್ನ ಕೈಯಿಂದಲೇ ಹೊಲಿಗೆ, ಜ್ವರ ಹಬ್ಬಿದಾಗ ಈ ತಗಡನ್ನು ಅಡ್ಡ ನಿಲ್ಲಿಸಿದವನೂ ನಾನೇ, ಆಗ ಇವನೇ ಅಂದಿದ್ದ, ತಾತ್ಕಾಲಿಕ ಕಣಯ್ಯಾ, ಜ್ವರ ಇಳಿದ್ಮೇಲೆ ತೆಗೆದುಬಿಡ್ತೀವಿ, ತಾತ್ಕಾಲಿಕ ಎಂದರೆ ನಮ್ಮ ಕಸುಬಿನಲ್ಲಿ ಟ್ಯಾಕು, ಅಲ್ಲೊಂದು ಇಲ್ಲೊಂದು ಚುಕ್ಕೆ ಬೆಸುಗೆ, ಸುತ್ತಿಗೆಯ ಒಂದೇಟಿಗೆ ಉದುರಬೇಕು, ಹಾಗೇ ಹಾಕಿದೆ, ಅವರ ತಾತ್ಕಾಲಿಕಕ್ಕೆ ಬೇರೆ ಅರ್ಥ ಇದೆಯೆಂದು ಓದು ಬಿಟ್ಟವನಿಗೆ ಹೇಗೆ ಗೊತ್ತಾಗಬೇಕು — ಜ್ವರ ಇಳಿಯಿತು, ಆಸ್ಪತ್ರೆಯ ಮಂಚಗಳು ಖಾಲಿ, ಜ್ವರದ ಹೆಸರಲ್ಲಿ ತಂದ ತುರ್ತು ಆದೇಶ ಮಾತ್ರ ಇಳಿಯಲಿಲ್ಲ, ಮುಂದುವರಿಸಿದರು, ಮತ್ತೆ ಮುಂದುವರಿಸಿದರು, ನಾವೇ ಓಟು ಹಾಕಿ ಕಳಿಸಿದವರು ಸಭೆಯಲ್ಲಿ ಕೈ ಎತ್ತಿದರು, ಚರ್ಚೆ ಗಿರ್ಚೆ ಇಲ್ಲ, ನೆಗಡಿ ಬಂತೆಂದು ಮೂಗು ಕೊಯ್ದರು, ಕೊಯ್ದ ಮೂಗು ಅವರ ಜೇಬಿಗೆ — ಅಣ್ಣ ಕೇಳಿದ್ದು ಇಷ್ಟೇ, ಸಾರ್, ರೋಗ ಹೋಯ್ತಲ್ಲ, ತಗಡು ಯಾವಾಗ ಹೋಗುತ್ತೆ, ಅಷ್ಟಕ್ಕೇ ಎತ್ತಿಕೊಂಡು ಹೋದರು, ಸಾರ್ವಜನಿಕ ಆರೋಗ್ಯಕ್ಕೆ ಅಪಾಯವಂತೆ, ಅವನಿಗೆ ಒಂದು ಸೀನೂ ಬಂದಿರಲಿಲ್ಲ ನನ್ಮಕ್ಕಳಾ, ರೋಗಿಗಳನ್ನು ಕೂಡಿಟ್ಟಿದ್ದ ಶಾಲೆಯಲ್ಲೇ ಈಗ ಅಣ್ಣ, ನಾನು ಬಿಟ್ಟು ಓಡಿಬಂದ ಶಾಲೆ ಅವನನ್ನು ಬಿಡುತ್ತಿಲ್ಲ, ತಗಡಿನ ಈಚೆ ಉಳಿದವನು ನಾನು, ಅಮ್ಮ ದಿನಾ ಗಲ್ಲಿಯ ಒಳಗಿನಿಂದ ಈ ಸಂದಿಯಲ್ಲಿ ಬೆರಳು ಸಿಕ್ಕಿಸಿ ನಿಂತು ಆ ಕಡೆಗೇ ನೋಡುತ್ತಾಳೆ, ಬಂದ್ನೇನೋ, ಬರ್ತಾನೆ ಸುಮ್ನಿರಮ್ಮ — ಇವತ್ತು ಕರೆದಾಗ ಬಿಚ್ಚಲಿಕ್ಕೇ ಇರಬೇಕೆಂದು ಸುತ್ತಿಗೆ ಹಿಡಿದು ಓಡಿಬಂದೆ, ಥೂ, ಸುತ್ತಿಗೆ ಯಾಕೋ, ಕಡ್ಡಿ ತಾ, ಪೂರ್ತಿ ಬೆಸೆ, ಜ್ವರ ಮತ್ತೆ ಬಂತಾ ಸಾರ್, ಬರಬಹುದಲ್ಲಪ್ಪ, ಆಮೇಲೆ ಒಂದು ನಗು, ನಿಮ್ಮಣ್ಣ ಮನೆಗೆ ಬರೋದು ಬೇಡ್ವಾ, ಬಿಡೋದು ನನ್ನ ಕೈಲಿದೆ, ಜಡ್ಜು ಗಿಡ್ಜು ಯಾರೂ ಬೇಕಿಲ್ಲ ಈಗ — ಬಿಡುತ್ತಾನಾ, ಇವನ ಮಾತೂ ಟ್ಯಾಕೇ, ಗೊತ್ತು, ಗೊತ್ತಿದ್ದೂ ಕೈ ಮೇಲಿಂದ ಕೆಳಗೆ ಇಳಿಯುತ್ತಿದೆ, ಕೆಂಪು ಗೆರೆ ಸಂದಿಯನ್ನು ನುಂಗುತ್ತಾ ಬೆರಳಿನ ತನಕ ಬಂತು, ಅಮ್ಮ, ಕೈ ತೆಗಿ, ಬಿಚ್ತಿದೀಯೇನೋ ಮಗಾ, ತೆಗಿಯಮ್ಮ ಸುಡುತ್ತೆ, ಬಿಚ್ತಿದೀಯ ತಾನೇ, ಹಿಂದಿನಿಂದ ಬೂಟು, ಹೂಂ, ಹೊಡಿ, ಕಡ್ಡಿಯ ತುದಿ ಕೆಂಪಗೆ, ಸಂದಿಯಲ್ಲಿ ಬೆರಳು, ತೆಗಿಯೇ, ಬೆರಳು, ಅಲ್ಲೇ, ಬೆರಳು